ಸಾಣೇಹಳ್ಳಿಯ ಶಿವಸಂಚಾರ

ನಾಟಕದವರೆಂದರೆ ಬಾಡಿಗೆಗೆ ಮನೆ ಕೊಡಲೂ ಜನ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಅಂತಹ ಕಲೆಗೆ ಮಠವೇ ಮನೆಯಾದುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ.

ಅಲ್ಲಿನ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಸನ್ಯಾಸದ ಹಾದಿಯಲ್ಲಿ ನಡೆಯುತ್ತಲೇ ರಂಗಭೂಮಿಯ ಸಂಘಟಕರಾದವರು. ಅವರ ಗುರುಗಳಾದ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತಾವೇ ನಾಟಕಗಳನ್ನು ಬರೆದು ಆಡಿಸಿದ್ದರು. ಆ ಗುರುವಿನ ಹೆಸರಿನಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘವು ಹುಟ್ಟಿತು. 1997ರಲ್ಲಿ 'ಶಿವಸಂಚಾರ'ವೆಂಬ ತಿರುಗಾಟದ ತಂಡವು ಹೊರಟಿತು.

ಇದಕ್ಕೆ ಒತ್ತಾಸೆಯಾಗಿ ನಿಂತ ಸಿ. ಜಿ. ಕೃಷ್ಣಸ್ವಾಮಿಯವರ ದಾರಿ ಇನ್ನೂ ಸೋಜಿಗದ್ದು. ಅವರು ಅರ್ಥಶಾಸ್ತ್ರದ ಅಧ್ಯಾಪಕರು, 'ಸಮುದಾಯ' ತಂಡದ ಬೀದಿನಾಟಕಗಳ ನಿರ್ದೇಶಕರು. ಕಾವಿಗೂ ಬೀದಿನಾಟಕಕ್ಕೂ ಹೇಗೆ ಹೊಂದಿತೆಂದು ನೀವು ಕೇಳಬಹುದು. ಹೊಂದಿತು, ನಾಟಕವು ಜನರ ಬಳಿಗೆ ಹೋಗಬೇಕೆಂಬ ಹಂಬಲ ಇಬ್ಬರದೂ ಒಂದೇ ಆಗಿತ್ತು.

ಪ್ರತಿವರ್ಷ ಕಲಾವಿದರನ್ನು ಆರಿಸಿ ಮೂರು ನಾಟಕಗಳನ್ನು ಸಿದ್ಧಪಡಿಸುತ್ತಾರೆ. ನವೆಂಬರಿನ ನಾಟಕೋತ್ಸವದ ತರುವಾಯ ತಂಡವು ನಾಡನ್ನು ಸುತ್ತುತ್ತದೆ. ಕಲಾವಿದರಿಗೆ ಊಟ, ವಸತಿಗಳ ಜೊತೆಗೆ ಸಂಭಾವನೆಯೂ ಉಂಟು. ಹವ್ಯಾಸವೆನಿಸಿದ್ದುದು ಹೀಗೆ ಹಳ್ಳಿಯ ಹುಡುಗ ಹುಡುಗಿಯರಿಗೆ ವೃತ್ತಿಯೂ ಆಯಿತು. ಸುಲಭದ ವೃತ್ತಿಯೇನಲ್ಲ. ಸಂಜೆ ಅರಸನಾಗಿ ಮೆರೆದವನೇ ರಾತ್ರಿ ಪರದೆಗಳನ್ನು ಮಡಚಿ ವಾಹನಕ್ಕೆ ಹೇರಬೇಕು. ಮರುದಿನ ಮತ್ತೊಂದು ಊರು.