ಹಳೆಯ ಹರಿಗೋಲಿಗೆ ಬೆಲೆ ಕಟ್ಟುವ ಮೊದಲು

ಪ್ರಶ್ನೆ: ನಮ್ಮದು ಆದೋನಿ. ಮಂತ್ರಾಲಯದ ಹತ್ತಿರ ತುಂಗಭದ್ರೆಯ ದಂಡೆಗೆ ನಮ್ಮ ಮಾವನವರ ಹೊಲವಿದೆ. ಅಲ್ಲೊಂದು ಹಳೆಯ ಹರಿಗೋಲು ಮಾರಾಟಕ್ಕಿದೆ. ಹೊಸದಾಗಿ ಡಾಂಬರು ಬಳಿದಿದ್ದಾರೆ, ಚೆನ್ನಾಗಿ ಕಾಣುತ್ತದೆ. ಮೀನು ಹಿಡಿಯಲು ಕೊಳ್ಳಬಹುದೇ?

ಉತ್ತರ: ಆ ಹೊಸ ಡಾಂಬರೇ ನನಗೆ ಅನುಮಾನ. ಅದರಡಿ ಹಳೆಯ ತೇಪೆಗಳೆಲ್ಲ ಮುಚ್ಚಿಹೋಗಿರುತ್ತವೆ. ಹೊರಮೈ ಬಿಟ್ಟು ಒಳಗಿನ ಬಿದಿರಿನ ಹೆಣಿಗೆ ನೋಡಿ, ಹಿಂದಿನಿಂದಲೂ ಹರಿಗೋಲಿಗೆ ಅದೇ ಆಧಾರ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹತ್ತಿರ ಇದೇ ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ದಾಟುತ್ತಿದ್ದರಂತೆ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಹೆಣಿಗೆ ಉಳಿದಿದೆ. ಹೊದಿಕೆ ಹರಿದರೆ ಬದಲಿಸಬಹುದು. ಹೆಣಿಗೆ ಕೆಟ್ಟರೆ ನಿಮ್ಮ ದುಡ್ಡು ಹೊಳೆಪಾಲು.

ದಬ್ಬೆಗಳ ಮೇಲೆ ಉಗುರೊತ್ತಿ ನೋಡಿ. ಮೆತ್ತಗೆ ಒಳಗಿಳಿದರೆ ಕೊಳೆತಿದೆ. ಸೂಜಿಮೊನೆಯಂಥ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹಿಡಿದಿದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಅಂಚಿನ ಸುತ್ತುಕಟ್ಟು ಬಿಗಿಯಾಗಿರಬೇಕು, ಏಕೆಂದರೆ ಎತ್ತುವುದು, ಎಳೆಯುವುದು ಎಲ್ಲ ಅದನ್ನು ಹಿಡಿದೇ. ತಳದ ನಡುಭಾಗವನ್ನು ಕೈಯಿಂದ ಸವರಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ, ಉಸುಕಿನ ಮೇಲೆ ಎಳೆದಾಡಿ ಅಲ್ಲೇ ಮೊದಲು ಸವೆಯುತ್ತದೆ. ಬಿಸಿಲಲ್ಲಿ ಬೋರಲು ಹಾಕಿ, ಒಳಗೆ ತಲೆಯಿಟ್ಟು ನೋಡಿದರೆ ತೂತಿದ್ದಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ.

ಆಮೇಲೆ ನೀರಿಗಿಳಿಸದೆ ಮಾತು ಮುಗಿಸಬೇಡಿ. ದಂಡೆಯ ಪಕ್ಕದ ಮೊಣಕಾಲುದ್ದ ನೀರಿನಲ್ಲಿ, ನೀವು ಹೊರಿಸಬೇಕೆಂದಿರುವಷ್ಟೇ ತೂಕದ ಉಸುಕಿನ ಚೀಲಗಳನ್ನಿಟ್ಟು ಒಂದು ತಾಸು ಬಿಡಿ. ಒಂದೆರಡು ಕಡೆ ಒಸರಿದರೆ ತೇಪೆ ಸಾಕು. ತಳವಿಡೀ ಒದ್ದೆಯಾದರೆ ಹೊದಿಕೆಯ ಆಯುಷ್ಯ ಮುಗಿದಿದೆ. ಮಾರುವವರನ್ನೇ ಕೂಡಿಸಿಕೊಂಡು ಹುಟ್ಟು ಹಾಕಿಸಿ. ಗಿರಗಿರ ತಿರುಗುವುದು ಹರಿಗೋಲಿನ ಸ್ವಭಾವ, ಅದು ದೋಷವಲ್ಲ. ತೂಕ ಸಮನಾಗಿದ್ದರೂ ಒಂದು ಬದಿಗೆ ವಾಲಿದರೆ ಮಾತ್ರ ಆಕಾರ ಕೆಟ್ಟಿದೆ ಎಂದರ್ಥ. ಫೈಬರ್ ಹರಿಗೋಲಾದರೆ ಹುಳುವಿನ ಭಯವಿಲ್ಲ. ಕೂದಲೆಳೆಯ ಬಿರುಕು, ತಟ್ಟಿದರೆ ಮಂಕು ಸದ್ದು ಬರುವ ಜಾಗ ಹುಡುಕಿ.

ಎಷ್ಟೇ ಗಟ್ಟಿಯಾದ ಹರಿಗೋಲಾದರೂ ತುಂಬಿದ ಹೊಳೆಗೆ ಇಳಿಸುವಂಥದ್ದಲ್ಲ. 2009ರ ಅಕ್ಟೋಬರಿನ ಪ್ರವಾಹದಲ್ಲಿ ಮಂತ್ರಾಲಯವೇ ಮುಳುಗಿತ್ತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ಮಳೆ ಇರಲಿ ಬಿಡಲಿ, ಕೆಳಗಿನ ದಂಡೆಯವರೆಲ್ಲ ಎಚ್ಚರದಿಂದಿರಬೇಕಾಯಿತು. ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಕೇಳದೆ ಹೊಳೆಗಿಳಿಯಬೇಡಿ. ಮೀನು ಹಿಡಿಯುವ ಅನುಮತಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ. ಹೊದಿಕೆ ಹಳತಾಗಿದ್ದರೆ ಹೊಸದರ ಖರ್ಚು ಕಳೆದು ಬೆಲೆ ಕೇಳಿ. ಹಾಗೆ ಚೌಕಾಸಿ ಮಾಡಿ ಉಳಿಸಿದ ಹಣದಲ್ಲಿ ಹರಿಗೋಲಿನ ಜೊತೆಗೇ ಎರಡು ಲೈಫ್ ಜಾಕೆಟ್ ತನ್ನಿ.