ಕುಡಿತ ಬಿಟ್ಟವರಿಗೆ ಬಿಟ್ಟವರ ಸಂಗ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದ್ಯಪಾನದಿಂದ ಉಂಟಾಗುವ ಮದಾತ್ಯಯವೆಂಬ ರೋಗವನ್ನು ಕುರಿತದ್ದು. ಅಲ್ಲಿ ಧ್ವಂಸಕ, ವಿಕ್ಷಯ ಎಂಬ ಎರಡು ವಿಕಾರಗಳ ಪ್ರಸ್ತಾಪವಿದೆ. ಮದ್ಯವನ್ನು ಬಿಟ್ಟಿದ್ದವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದಾಗ ಇವು ಹುಟ್ಟುತ್ತವೆ. ಕೃಶನಾದ ರೋಗಿಯಲ್ಲಿ ಇವುಗಳ ಚಿಕಿತ್ಸೆ ಬಹು ಕಷ್ಟವೆಂದು ಆಚಾರ್ಯರು ಎಚ್ಚರಿಸುತ್ತಾರೆ. ಬಿಡುವುದು ಒಂದು ಕೆಲಸ, ಬಿಟ್ಟ ಮೇಲೆ ಹಾಗೆಯೇ ಉಳಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ವೈದ್ಯನು ಬೇಕು. ಎರಡನೆಯದಕ್ಕೆ, ಕುಡಿತದ ದಾರಿಯಲ್ಲಿ ನಡೆದು ಹಿಂದಿರುಗಿದವರ ಸಂಗ ಬೇಕು.

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದುದನ್ನು ಭಕ್ತರೆಲ್ಲರೂ ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಆದರೆ ಜೋಳಿಗೆಗೆ ಚಟವನ್ನು ಹಾಕಿ ಮನೆಗೆ ಬಂದವನಿಗೆ ಮರುದಿನದ ಸಂಜೆಯೂ ಇದೆ. ಆ ಸಂಜೆ ಅವನು ಎಲ್ಲಿಗೆ ಹೋಗಬೇಕು? ಎಷ್ಟೋ ಮನೆಗಳಲ್ಲಿ ಇಷ್ಟಲಿಂಗದ ಮೇಲೆ ಆಣೆ ಮಾಡಿಸುತ್ತಾರೆ. ಆಣೆ ಮುರಿದ ದಿನ ಅವನು ಬಾಟಲಿಗೆ ಮರಳುವುದರ ಜೊತೆಗೆ ಲಿಂಗಪೂಜೆಯನ್ನೂ ಬಿಡುತ್ತಾನೆ, ನಾಚಿಕೆಯಿಂದ ಮಠದ ಕಡೆಗೆ ತಲೆ ಹಾಕುವುದಿಲ್ಲ. ಇದ್ದ ಒಂದು ಆಸರೆಯೂ ಹೋಯಿತು. ಆದುದರಿಂದ ದಯವಿಟ್ಟು ಆಣೆಗಾಗಿ ಒತ್ತಾಯಿಸಬೇಡಿ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತಕ್ಕೆ ಸೋತವರು, ಪರಸ್ಪರ ಮಾತನಾಡುತ್ತ ಕುಡಿಯದೆ ಉಳಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಆರಂಭ. ಸದಸ್ಯನಾಗಲು ಬೇಕಾದುದು ಕುಡಿತ ಬಿಡುವ ಇಚ್ಛೆ ಮಾತ್ರ. ಶುಲ್ಕವಿಲ್ಲ, ಪೂರ್ಣ ಹೆಸರನ್ನೂ ಕೇಳುವುದಿಲ್ಲ. ಒಬ್ಬೊಬ್ಬರಾಗಿ ತಮ್ಮ ಅನುಭವವನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜೀವಮಾನದ ಪ್ರತಿಜ್ಞೆಯ ಬದಲು 'ಈ ಒಂದು ದಿನ ಕುಡಿಯುವುದಿಲ್ಲ' ಎಂಬ ಸಂಕಲ್ಪ ಅಲ್ಲಿಯದು. ಜಾರಿದವನೂ ಮರುದಿನ ಬಂದು ಕುಳಿತುಕೊಳ್ಳಬಹುದು. 2020ರ ಕಾಕ್ರೇನ್ ವಿಮರ್ಶೆಯು 27 ಅಧ್ಯಯನಗಳನ್ನು ಪರಿಶೀಲಿಸಿ, ಮದ್ಯದಿಂದ ಪೂರ್ಣವಾಗಿ ದೂರ ಉಳಿಯಲು ಈ ಮಾರ್ಗವು ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂದು ಕಂಡುಕೊಂಡಿದೆ.

ಬೆಂಗಳೂರಿನ ಇಂತಹ ಸಭೆಗಳಲ್ಲಿ ಕೆಲವು ಚರ್ಚಿನ ಆವರಣದ ಕೊಠಡಿಗಳಲ್ಲಿ ನಡೆಯುತ್ತವೆ. ನಮ್ಮವರು ಬಾಗಿಲಿನಿಂದಲೇ ಹಿಂದಿರುಗುವುದಕ್ಕೆ ಇದೂ ಒಂದು ಕಾರಣ. ಕೊಠಡಿ ದೊರೆತ ಸ್ಥಳವದು, ಅಷ್ಟೇ. ಕೂಟವು ಯಾವ ಮತಕ್ಕೂ ಸೇರಿದುದಲ್ಲ. ದೇವರನ್ನು ಅವರವರು ಅರಿತಂತೆ ನೆನೆಯಬಹುದು, ಇಷ್ಟಲಿಂಗಧಾರಿಯು ತನ್ನ ಲಿಂಗವನ್ನೇ ನೆನೆಯಲಿ. ಹೆಂಡ ಮಾರುತ್ತಿದ್ದ ಮಾರಯ್ಯನೂ ಶರಣನಾಗಿ ವಚನ ರಚಿಸಿದ ಪರಂಪರೆ ನಮ್ಮದು. ಅನುಭವವನ್ನು ಸಭೆಯಲ್ಲಿ ಹಂಚಿಕೊಳ್ಳುವುದು ಅನುಭವ ಮಂಟಪದ ವಾರಸುದಾರರಿಗೆ ಅಪರಿಚಿತವಾಗಬಾರದು.

ಇನ್ನೊಂದು ಅಂಜಿಕೆ, ಪರಿಚಿತರ ಕಣ್ಣಿಗೆ ಬೀಳುವುದು. ಬಸವೇಶ್ವರನಗರದವರು ತಮ್ಮ ಬೀದಿಯ ಸಭೆಗೇ ಹೋಗಬೇಕೆಂದಿಲ್ಲ. ಕೆಂಗೇರಿಯವರು ನೇರಳೆ ಮೆಟ್ರೊ ಹಿಡಿದು ವಿಜಯನಗರದತ್ತ ಬರಬಹುದು, ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ರಾಜಾಜಿನಗರದತ್ತ ಹೋಗಬಹುದು. ಸಭೆಯ ದಿನ, ವೇಳೆ, ಭಾಷೆ ಬದಲಾಗುತ್ತಿರುವುದರಿಂದ ಮೊದಲು ಕೂಟದ ಸಹಾಯವಾಣಿಗೆ ಕರೆ ಮಾಡಿ ಎರಡು ಪ್ರಶ್ನೆ ಕೇಳಿ: ಕನ್ನಡದಲ್ಲಿ ಮಾತನಾಡುವ ಸಭೆ ಯಾವುದು? ಅದು ಎಲ್ಲರಿಗೂ ತೆರೆದುದೋ, ವ್ಯಸನಿಗಳಿಗೆ ಮಾತ್ರವೋ? ತೆರೆದ ಸಭೆಯಾದರೆ ಅಣ್ಣನೋ ಹೆಂಡತಿಯೋ ಜೊತೆಗೆ ಹೋಗಬಹುದು. ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಒಂದು ಸಭೆ ಹಿಡಿಸಲಿಲ್ಲವೆಂದು ಕೈಬಿಡದೆ ಬೇರೆ ಬೇರೆ ಕಡೆ ಆರು ಸಭೆಗಳಿಗಾದರೂ ಹೋಗಿ ನೋಡಬೇಕು. ಹಳ್ಳಿಯ ಬಂಧುಗಳಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳೂ ಇವೆ.

ವೈದ್ಯನಾಗಿ ಒಂದು ಕಟ್ಟೆಚ್ಚರ. ಹಲವು ವರ್ಷ ಪ್ರತಿದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾನಾಶ ಕಾಣಿಸಿಕೊಳ್ಳಬಹುದು. ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಎರಡರಿಂದ ನಾಲ್ಕನೆಯ ದಿನದಲ್ಲಿ ಭ್ರಮೆ, ಪ್ರಲಾಪ ಬರಬಹುದು. ಇದು ಪ್ರಾಣಕ್ಕೆ ಅಪಾಯ. ಅಂಥವರು ಮೊದಲು ನಿಮ್ಹಾನ್ಸ್‌ನ ವ್ಯಸನಚಿಕಿತ್ಸಾ ಕೇಂದ್ರಕ್ಕೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಬೇಕು, ಸಭೆ ಆಮೇಲೆ. ಗುಟ್ಟಾಗಿ ಸಾರಿನಲ್ಲಿ ಬೆರೆಸುವ ಜಾಹೀರಾತಿನ ಪುಡಿಗಳು ಬೇಡವೇ ಬೇಡ. ಅವುಗಳಲ್ಲಿ ಡೈಸಲ್ಫಿರಾಮ್ ಇದ್ದು ರೋಗಿಯು ತಿಳಿಯದೆ ಕುಡಿದರೆ ಜೀವವೇ ಹೋದೀತು. ನಮ್ಮ ಆಯುರ್ವೇದದ ಬಾಟಲಿಗಳೂ ನಿರ್ದೋಷಿಗಳಲ್ಲ. ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವಿರುತ್ತದೆ. ಕುಡಿತ ಬಿಟ್ಟವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಚೂರ್ಣವನ್ನೋ ಕಷಾಯವನ್ನೋ ಕೇಳಿ ಪಡೆಯಬೇಕು.

ಅವನು ಸಭೆಗೆ ಹೋಗಲು ಒಪ್ಪದಿದ್ದರೆ ಮನೆಯವರು ಕಾಯುತ್ತ ಕುಳಿತಿರಬೇಕಾಗಿಲ್ಲ. ವ್ಯಸನಿಗಳ ಕುಟುಂಬದವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಅಲ್ಲಿಗೆ ತಾಯಿಯೋ ಹೆಂಡತಿಯೋ ಒಬ್ಬರೇ ಹೋಗಬಹುದು. ಅವನ ಒಪ್ಪಿಗೆ ಬೇಕಿಲ್ಲ.