ಭಾನುವಾರದ ಬೀಫ್ ಸುಕ್ಕದಲ್ಲಿ ನಾಯಿಗೂ ಪಾಲುಂಟೇ?

ಪ್ರಶ್ನೆ: ಭಾನುವಾರ ಇಗರ್ಜಿಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಬೀಫ್ ಸುಕ್ಕ ಮಾಡುವುದು ರೂಢಿ. ಹತ್ತು ಕಿಲೋ ತೂಗುವ ನಾಯಿ ಉಂಟು, ಒಂದು ಬೆಕ್ಕೂ ಉಂಟು. ಖಾರ ಹೋಗಲಿ ಎಂದು ನಾಲ್ಕು ತುಂಡು ಬಿಸಿನೀರಿನಲ್ಲಿ ತೊಳೆದು ಅನ್ನದ ಜೊತೆ ಹಾಕುತ್ತೇವೆ. ನೀರುಳ್ಳಿ ನಾಯಿಗೆ ಆಗದು ಎಂದು ಈಚೆಗೆ ಯಾರೋ ಹೇಳಿದರು. ಬೆಂದ ನೀರುಳ್ಳಿಯೂ ಆಗದೇ? ಒಂದೇ ಮಾಂಸದಲ್ಲಿ ಎಲ್ಲರಿಗೂ ಅಡುಗೆ ಮಾಡಲು ದಾರಿ ಇದೆಯೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ತೊಳೆದು ಹಾಕುವ ಈ ಕ್ರಮ ಬಹಳ ಮನೆಗಳಲ್ಲಿದೆ, ಹಾಕುವವರ ಉದ್ದೇಶವೂ ಒಳ್ಳೆಯದೇ. ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ತೊಳೆದ ತುಂಡು ನಿರಪಾಯವೇ ಎಂಬುದು ಒಂದು. ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ‘ಅಲ್ಲ’. ಎರಡನೆಯದಕ್ಕೆ ‘ಬಡಿಸಬಹುದು, ಆದರೆ ಪಾಲು ತೆಗೆಯುವ ಹೊತ್ತು ಬದಲಾಗಬೇಕು’.

ಮೊದಲು ಈರುಳ್ಳಿಯ ವಿಷಯ. ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ಗಂಧಕದ ಕೆಲವು ಸಂಯುಕ್ತಗಳಿವೆ. ನಮ್ಮ ದೇಹ ಅವನ್ನು ತೊಂದರೆಯಿಲ್ಲದೆ ನಿಭಾಯಿಸುತ್ತದೆ. ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳಿಗೆ ಆ ಶಕ್ತಿ ಕಡಿಮೆ. ಕಣದೊಳಗಿನ ಹಿಮೋಗ್ಲೋಬಿನ್ ಕೆಟ್ಟು ಗಂಟುಗಟ್ಟುತ್ತದೆ, ಕಣ ಒಡೆಯುತ್ತದೆ, ರಕ್ತಹೀನತೆ ಬರುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಗಮನಾರ್ಹ ಬದಲಾವಣೆ ಕಂಡಿದೆ. ನಿಮ್ಮ ನಾಯಿಯ ಲೆಕ್ಕದಲ್ಲಿ ಅದು ಕನಿಷ್ಠ 150 ಗ್ರಾಂ, ಅಂದರೆ ಸಾಧಾರಣ ಗಾತ್ರದ ಎರಡು ಈರುಳ್ಳಿ. ಬೆಕ್ಕಿಗಾದರೆ ಕಿಲೋಗೆ 5 ಗ್ರಾಂ ಸಾಕು. ಸ್ವಲ್ಪ ಸ್ವಲ್ಪವೇ ದಿನಾ ಹೋಗುತ್ತಿದ್ದರೂ ಹಾನಿ ಕೂಡುತ್ತಾ ಹೋಗುತ್ತದೆ.

ಬೇಯಿಸಿದರೆ, ಹುರಿದರೆ, ಒಣಗಿಸಿ ಪುಡಿ ಮಾಡಿದರೆ ಈ ಗುಣ ಹೋಗುವುದಿಲ್ಲ. ತೊಳೆದರೂ ಪೂರ್ತಿ ಹೋಗದು. ಸುಕ್ಕದ ತುಂಡು ಮಸಾಲೆಯ ರಸದಲ್ಲೇ ಕುದಿದಿರುತ್ತದೆ, ನೀವು ತೊಳೆಯುವುದು ಹೊರಗಿನ ಪದರವನ್ನು ಮಾತ್ರ. ಉಪ್ಪು, ಖಾರ, ಎಣ್ಣೆ ಕೂಡ ಒಳಗೆ ಇಳಿದಿರುತ್ತವೆ. ಬಿರಿಯಾನಿ ಮಾಡಿದ ದಿನ ಇನ್ನೂ ಒಂದು ಎಚ್ಚರ ಬೇಕು: ಅದರ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ಹಾಗಾದರೆ ಒಂದೇ ಮಾಂಸದಲ್ಲಿ ಅಡುಗೆ ಹೇಗೆ? ನಾಯಿಯ ಪಾಲನ್ನು ಮಸಾಲೆ ಬೀಳುವ ಮೊದಲೇ ತೆಗೆಯಬೇಕು. ಅದಕ್ಕೆ ಈ ಮಾಂಸವೇ ಅವಕಾಶ ಕೊಡುತ್ತದೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಬೀಫ್‌ಗಾಗಿ ಕಾನೂನಿನ ಪ್ರಕಾರ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ. ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ಸ್ನಾಯುಗಳನ್ನು ಹಿಡಿದಿಡುವ ಕೊಲಾಜನ್ ಗಟ್ಟಿಯಾಗಿರುತ್ತದೆ. ಅದು ಕರಗಿ ಮೆದುವಾಗಲು ಕುಕ್ಕರಿನಲ್ಲೂ ಸಣ್ಣ ಉರಿಯಲ್ಲಿ ಅರ್ಧ ಗಂಟೆಯಾದರೂ ಬೇಕು. ಹೇಗೂ ಅಷ್ಟು ಹೊತ್ತು ಬೇಯಿಸಲೇಬೇಕಲ್ಲ, ಆ ಹೊತ್ತನ್ನೇ ಬಳಸಿಕೊಳ್ಳಿ. ತುಂಡುಗಳನ್ನು ಬರೀ ನೀರು, ಚಿಟಿಕೆ ಅರಿಶಿನ ಹಾಕಿ ಬೇಯಿಸಿ. ಉಪ್ಪು ಬೇಡ, ಶುಂಠಿ-ಬೆಳ್ಳುಳ್ಳಿ ಬೇಡ. ಮುಚ್ಚಳ ತೆಗೆದ ಕೂಡಲೇ ಒಂದು ಸೌಟು ತುಂಡು, ಸ್ವಲ್ಪ ರಸ ಬೇರೆ ತಟ್ಟೆಗೆ ತೆಗೆದಿಡಿ. ಅದು ಆರಿದಾಗ ಮೇಲೆ ಕಟ್ಟುವ ಬಿಳಿ ಕೊಬ್ಬನ್ನು ಚಮಚದಿಂದ ತೆಗೆದು ಹಾಕಿ. ಕೊಬ್ಬು ಒಮ್ಮೆಲೇ ಹೆಚ್ಚು ಹೋದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಅದು ಬಹಳ ನೋವಿನ ಕಾಯಿಲೆ.

ಉಳಿದದ್ದು ನಿಮ್ಮ ಎಂದಿನ ಸುಕ್ಕವೇ. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಬಾಫತ್ ಮಸಾಲೆ ಪುಡಿ ಹಾಕಿ, ಬೆಂದ ಮಾಂಸವನ್ನು ಅದರ ರಸದೊಂದಿಗೆ ಸುರಿದು ಉಪ್ಪು ಹಾಕಿ. ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿದರೆ ಮೆತ್ತಗಾದ ತುಂಡು ಮಸಾಲೆಯನ್ನು ಚೆನ್ನಾಗಿಯೇ ಹೀರುತ್ತದೆ. ರಸ ಬತ್ತುತ್ತಾ ಬಂದಾಗ ಹುರಿದ ತೆಂಗಿನ ತುರಿ ಸೇರಿಸಿ. ಮೊದಲಿನಿಂದ ಮಸಾಲೆಯಲ್ಲೇ ಬೆಂದದ್ದಕ್ಕಿಂತ ರುಚಿ ಒಂದು ಕೂದಲೆಳೆ ಕಡಿಮೆ ಎಂದು ಮನೆಯ ಹಿರಿಯರು ಹೇಳಿದರೆ ನಾನು ವಾದಿಸುವುದಿಲ್ಲ.

ಇಲ್ಲಿ ಒಂದು ಗೊಂದಲ ಸಹಜ. ನಾಯಿ ಮಾಂಸ ತಿನ್ನುವ ಪ್ರಾಣಿ ತಾನೇ, ದಿನವೂ ಬೇಯಿಸಿದ ಬೀಫ್ ಮತ್ತು ಅನ್ನ ಹಾಕಿದರೆ ಸಾಲದೇ ಎನ್ನಿಸಬಹುದು. ಸಾಲದು. 100 ಗ್ರಾಂ ಬೀಫ್‌ನಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ, ಸುಣ್ಣದ ಅಂಶ (ಕ್ಯಾಲ್ಸಿಯಂ) ಹತ್ತು ಇಪ್ಪತ್ತು ಮಿಲಿಗ್ರಾಂ ಅಷ್ಟೇ. ನಾಯಿಗೆ ಬೇಕಾದದ್ದು ರಂಜಕಕ್ಕಿಂತ ಸ್ವಲ್ಪ ಹೆಚ್ಚೇ ಕ್ಯಾಲ್ಸಿಯಂ. ಅನ್ನ ಈ ಕೊರತೆಯನ್ನು ತುಂಬುವುದಿಲ್ಲ. ಹೊರಗಿನಿಂದ ಸಿಗದಾಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಬರೀ ಮಾಂಸದಲ್ಲಿ ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದು, ಮೂಳೆ ಸುಲಭವಾಗಿ ಮುರಿಯುವುದು ಇದರಿಂದಲೇ. ಕಾಡಿನಲ್ಲಿ ಬೇಟೆಯಾಡುವ ಪ್ರಾಣಿ ಮೂಳೆ, ಯಕೃತ್ತು ಎಲ್ಲವನ್ನೂ ತಿನ್ನುತ್ತದೆ, ಬರೀ ತೊಡೆಯ ಮಾಂಸವನ್ನಲ್ಲ. ಹಾಗೆಂದು ಕುಕ್ಕರಿನಲ್ಲಿ ಬೆಂದ ಮೂಳೆ ಹಾಕಬೇಡಿ. ಅದು ಚೂಪಾಗಿ ಸೀಳುತ್ತದೆ, ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ದಿನವೂ ಮನೆಯಡುಗೆಯನ್ನೇ ಹಾಕುವ ಮನಸ್ಸಿದ್ದರೆ ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ.

ಭಾನುವಾರದ ಪಾಲಿಗೆ ಅಷ್ಟೆಲ್ಲ ಲೆಕ್ಕ ಬೇಡ. ತಿಂಡಿಯ ರೂಪದಲ್ಲಿ ಹೋಗುವುದು ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರದಿದ್ದರೆ ಸಾಕು. ನಿಮ್ಮ ನಾಯಿಗೆ ಅದು 25-30 ಗ್ರಾಂ ಬೆಂದ ಮಾಂಸ, ಎರಡು ಮೂರು ತುಂಡು. ಬೆಕ್ಕಿಗೆ ಚೂರು ಮಾಡಿದ ಒಂದು ತುಂಡು, ಜೊತೆಗೆ ಒಂದೆರಡು ಚಮಚ ರಸ. ಬೆಕ್ಕಿಗೆ ಅಗತ್ಯವಾದ ಟಾರಿನ್ ಎಂಬ ಪೋಷಕಾಂಶ ಬೇಯುವಾಗ ನೀರಿಗೆ ಇಳಿಯುವುದರಿಂದ ಆ ರಸ ಚೆಲ್ಲಬೇಡಿ.

ಬೀಫ್ ಹಾಕುವಾಗ ಇನ್ನೊಂದು ಮಾತು ನೆನಪಿರಲಿ: ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಅತಿ ಹೆಚ್ಚು ಬಾರಿ ದಾಖಲಾದ ಕಾರಣ ಬೀಫ್. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಲರ್ಜಿಯಿದ್ದ 297 ನಾಯಿಗಳ ಪೈಕಿ ಶೇ. 34ರಷ್ಟಕ್ಕೆ ಬೀಫ್ ಆಗುತ್ತಿರಲಿಲ್ಲ. ಅಲರ್ಜಿಯಿದ್ದ ನಾಯಿಗಳ ಲೆಕ್ಕ ಇದು, ಎಲ್ಲ ನಾಯಿಗಳದ್ದಲ್ಲ; ಹೆದರಬೇಕಿಲ್ಲ. ಕಿವಿ, ಪಾದ ಸದಾ ಕೆರೆದುಕೊಳ್ಳುತ್ತಿದ್ದರೆ ಮಾತ್ರ ಅನುಮಾನಿಸಿ. ಎಮ್ಮೆಯೂ ದನದ ಹತ್ತಿರದ ಸಂಬಂಧಿಯಾದ್ದರಿಂದ ಅದರ ಮಾಂಸಕ್ಕೂ ಇದೇ ಎಚ್ಚರ.

ಅಂಗಡಿಯವರು ನಾಯಿಗೆಂದು ಕೊಡುವ ಹಸಿ ಯಕೃತ್ತು, ಶ್ವಾಸಕೋಶಗಳನ್ನು ಹಾಗೆಯೇ ಹಾಕಬೇಡಿ. ಅವುಗಳಲ್ಲಿ ಒಂದು ಬಗೆಯ ಲಾಡಿಹುಳುವಿನ ನೀರುಗುಳ್ಳೆಗಳು ಇರಬಹುದು. ನಾಯಿಯ ಹೊಟ್ಟೆಯಲ್ಲಿ ಬೆಳೆದ ಹುಳುವಿನ ಮೊಟ್ಟೆ ಮನೆಯವರ ಬಾಯಿಗೆ ಸೇರಿದರೆ ಅದೇ ಗುಳ್ಳೆ ಮನುಷ್ಯರ ಯಕೃತ್ತಿನಲ್ಲಿ ಬೆಳೆಯುತ್ತದೆ. ಚೆನ್ನಾಗಿ ಬೇಯಿಸಿದರೆ ಆ ಭಯವಿಲ್ಲ.

ಇಷ್ಟು ದಿನ ತಿಂದದ್ದರ ಚಿಂತೆ ನಿಮಗಿರಬಹುದು. ತೊಳೆದ ನಾಲ್ಕು ತುಂಡಿನಲ್ಲಿ ಈರುಳ್ಳಿಯ ಅಂಶ ಕಡಿಮೆಯೇ. ನಾಯಿ ಲವಲವಿಕೆಯಿಂದಿದ್ದರೆ ಗಾಬರಿ ಬೇಡ. ಮುಂದೆ ಎಂದಾದರೂ ಸುಕ್ಕದ ಪಾತ್ರೆಗೇ ಬಾಯಿ ಹಾಕಿಬಿಟ್ಟರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ, ಎಷ್ಟು ಈರುಳ್ಳಿ ಹಾಕಿದ್ದಿರಿ ಎಂದು ತಿಳಿಸಿ. ಲಕ್ಷಣಗಳು ಅದೇ ದಿನ ಕಾಣಬೇಕೆಂದಿಲ್ಲ, ಹಲವು ದಿನ ಹಿಡಿಯಬಹುದು: ಒಸಡು ಬಿಳಿಚುತ್ತದೆ, ಮೂತ್ರ ಕಂದಾಗುತ್ತದೆ, ನಾಯಿ ಮೆಟ್ಟಿಲೇರುವಾಗ ಏದುಸಿರು ಬಿಡುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ ಬೇರೆಯೇ ಅಪಾಯ ಬರುತ್ತದೆ.